"ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವವರಿಗೆ

ಅತ್ತೆಗೆ ಲಕ್ವ ಹೊಡೆದು ನಾಲ್ಕು ವರ್ಷ ಆಯಿತು. ಬಲಗಡೆ ಪೂರ್ತಿ ಸ್ವಾಧೀನ ಇಲ್ಲ, ಮಾತು ಅಂದರೆ ನಾಲ್ಕೈದು ಪದ. ನೋಡಿಕೊಳ್ಳುವವಳು ನಾನು. ಮನೆಗೆ ಬಂದವರು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳುತ್ತಾರೆ: "ನಮ್ಮಿಂದ ಏನಾದ್ರೂ ಸಹಾಯ ಬೇಕಾ?" ಇಷ್ಟು ದಿನ "ಅಯ್ಯೋ ಏನೂ ಬೇಡ, ಹೇಗೋ ನಡೀತಿದೆ" ಅನ್ನುತ್ತಿದ್ದೆ. ಸುಳ್ಳು. ನಿಜವಾದ ಉತ್ತರ ಇಲ್ಲಿದೆ.

ಮೊದಲ ತಿಂಗಳು ಮನೆ ತುಂಬ ಜನ. ಎಳನೀರು, ಮೂಸಂಬಿ, ಹಾರ್ಲಿಕ್ಸ್. ಏಳು ಬಾಟಲಿ ಹಾರ್ಲಿಕ್ಸ್ ಸೇರಿತ್ತು. ಅತ್ತೆಗೋ ನೀರಾಗಿರುವುದು ಏನು ಕುಡಿಸಿದರೂ ನೆತ್ತಿಗೇರುತ್ತಿತ್ತು. ಬಂದವರಿಗೆಲ್ಲ ಕಾಫಿ ಮಾಡಿ ಕೈ ಸೋತಿತು. ಆರು ತಿಂಗಳಾಗುವಷ್ಟರಲ್ಲಿ ಯಾರೂ ಇಲ್ಲ. ತಪ್ಪು ಅನ್ನುತ್ತಿಲ್ಲ, ಅವರವರ ಮನೆ ತಾಪತ್ರಯ ಅವರವರಿಗೆ. ಆದರೆ ನನ್ನ ಸೊಂಟ ಹಿಡಿದದ್ದು ಎರಡನೇ ವರ್ಷ.

ಮಲಗಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ. ಒಂದು ರಾತ್ರಿ ನನಗೆ ಜ್ವರ, ಎಚ್ಚರವೇ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಬೆನ್ನಿನ ತುದಿಯಲ್ಲಿ ಒಂದು ರೂಪಾಯಿ ನಾಣ್ಯದಗಲ ಕೆಂಪಗಾಗಿತ್ತು. ಬೆರಳಲ್ಲಿ ಒತ್ತಿದರೂ ಆ ಕೆಂಪು ಹೋಗಲಿಲ್ಲ. ಅದು ಹುಣ್ಣಾಗಿ, ಮಾಯಲು ಮೂರು ತಿಂಗಳು ಹಿಡಿಯಿತು. "ನಿಮ್ಮತ್ತೆ ಪುಣ್ಯ ಮಾಡಿದ್ರು, ಇಂಥ ಸೊಸೆ ಸಿಕ್ಕಿದ್ದಾಳೆ" ಅಂತ ಆಗಲೂ ಯಾರೋ ಹೇಳಿದರು. ಹೊಗಳಿಕೆಯಿಂದ ಹುಣ್ಣು ಮಾಯಲ್ಲ.

ಸರ್ಕಾರದಿಂದ ಏನಿಲ್ವಾ ಅಂತಲೂ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆಯ ಮಾತಿದೆ. ಕೇರಳದ 'ಆಶ್ವಾಸಕಿರಣಂ' ಯೋಜನೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಅಂತಲೇ ಇದೆ, ತಿಂಗಳಿಗೆ 600 ರೂಪಾಯಿ. ಪುಡಿಗಾಸೇ ಇರಬಹುದು, ಆದರೆ ನೋಡಿಕೊಳ್ಳುವವಳೂ ಒಬ್ಬಳಿದ್ದಾಳೆ ಅಂತ ಲೆಕ್ಕಕ್ಕೆ ಹಿಡಿದರಲ್ಲ! ಇನ್ನು ಆದಾಯ ತೆರಿಗೆಯಲ್ಲಿ, ಅಂಗವಿಕಲರಾದ ಮನೆಯವರನ್ನು ನೋಡಿಕೊಳ್ಳುವ ಖರ್ಚಿಗೆ ಅಂತ ಇರುವ ರಿಯಾಯಿತಿ (1961ರ ಕಾಯ್ದೆಯಲ್ಲಿ 80ಡಿಡಿ ಸೆಕ್ಷನ್). ಅಂಗವೈಕಲ್ಯ 80 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಅನ್ನುವ ಸರ್ಟಿಫಿಕೇಟ್ ಇದ್ದರೆ, ಹಳೇ ತೆರಿಗೆ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯದಿಂದ 1,25,000 ರೂಪಾಯಿ ಕಡಿತ ಸಿಗುತ್ತದೆ. ಸಿಗುವುದು ಸಂಬಳ ತರುವ ನನ್ನ ಗಂಡನಿಗೆ. ಮಗ್ಗುಲು ಬದಲಿಸುವವಳಿಗೆ ಸಂಬಳವೇ ಇಲ್ಲ, ಕಡಿತ ಎಲ್ಲಿಂದ? ಆದರೂ ಆ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ, ಯಾವ ಅರ್ಜಿಗೂ ಅದನ್ನೇ ಮೊದಲು ಕೇಳುತ್ತಾರೆ.

ನನ್ನನ್ನು ಉಳಿಸಿದ್ದು ಪಕ್ಕದ ಮನೆಯ ಟೀಚರಮ್ಮ. ರಿಟೈರ್ ಆದವರು. ಅವರು "ಏನು ಬೇಕು" ಅಂತ ಕೇಳಲೇ ಇಲ್ಲ. "ಗುರುವಾರ ಮೂರರಿಂದ ಐದು ನಾನಿರ್ತೀನಿ, ನೀನು ಹೊರಡು" ಅಂದರು. ಮೊದಲೆರಡು ವಾರ ಜೊತೆಗೆ ನಿಂತು ಎಲ್ಲ ಕಲಿತರು: ಬೆಡ್‌ಶೀಟ್ ಹಿಡಿದು ಹೇಗೆ ಹೊರಳಿಸುವುದು, ಗಂಜಿ ಎಷ್ಟು ಗಟ್ಟಿ ಇರಬೇಕು, ಉಣಿಸಿದ ಮೇಲೆ ಅರ್ಧ ಗಂಟೆ ಒರಗಿ ಕೂರಿಸುವುದು. ಮೂರನೇ ಗುರುವಾರ ಎಲ್ಲಿಗೆ ಹೋಗಬೇಕೆಂದೇ ತೋಚದೆ ಬಸ್‌ಸ್ಟಾಪಿನಲ್ಲಿ ಸುಮ್ನೆ ಕೂತಿದ್ದೆ. ಆಮೇಲೆ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ, ಬಿಸಿ ಇರುವಾಗಲೇ. ಎರಡು ವರ್ಷವಾಯಿತು, ಅವರು ತಪ್ಪಿಸಿದ ಗುರುವಾರ ಬೆರಳೆಣಿಕೆ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ: ಸೋಮವಾರ ಖಾಲಿ ಇದೆ. ಮೂರಕ್ಕೆ ಬನ್ನಿ. ಕಾಫಿ ಮಾತ್ರ ನೀವೇ ಮಾಡ್ಕೋಬೇಕು.