ಮೊದಲ ತೂಬಿನ ನೀರು: ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಪೈಥಾನ್

"ಕಾಲೇಜ್‌ದಾಗ ಓಡ್ತದ್ರಿ, ಮನ್ಯಾಗ ಓಡಂಗಿಲ್ಲ." ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಾಗ ರಾಯಚೂರಿನ ಎಂಜಿನಿಯರಿಂಗ್ ಹುಡುಗರ ಬಾಯಲ್ಲಿ ಇದೇ ಮಾತು. ಕೋಡ್ ಅದೇ, ಅದನ್ನು ಓಡಿಸುವ ಪೈಥಾನಿನ ಆವೃತ್ತಿ ಬೇರೆ. ಲ್ಯಾಬಿನಲ್ಲಿ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ಮಿನ 20.04 ಇದ್ದರೆ ಅದರ ಜೊತೆ ಬಂದಿರುವುದು ಪೈಥಾನ್ 3.8. ಮನೆಯಲ್ಲಿ 24.04 ಹಾಕಿಕೊಂಡಿದ್ದರೆ 3.12. ಈ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಹಳೇ ಮಾಡ್ಯೂಲನ್ನು ತೆಗೆದೇ ಬಿಟ್ಟಿದ್ದಾರೆ. ಅದನ್ನು ನೆಚ್ಚಿಕೊಂಡ ಹಳೇ ಪ್ಯಾಕೇಜುಗಳು ಇನ್‌ಸ್ಟಾಲ್ ಹಂತದಲ್ಲೇ ಮುಗ್ಗರಿಸುತ್ತವೆ.

ಆಗ ಕೈ ನೇರ ಹೋಗುವುದು ಸಿಸ್ಟಮ್ ಪೈಥಾನಿಗೆ, ಅಂದರೆ ಉಬುಂಟು ತನ್ನ ಕೆಲಸಕ್ಕೇ ಇಟ್ಟುಕೊಂಡಿರುವ ಪೈಥಾನಿಗೆ. ದಯವಿಟ್ಟು ಬೇಡ. ಉಬುಂಟುವಿನಲ್ಲಿ ಟರ್ಮಿನಲ್ ತೆರೆಯುವ ಸ್ಕ್ರಿಪ್ಟ್ ಕೂಡ ಪೈಥಾನಿನಲ್ಲೇ ಇದೆ. ಅಪ್‌ಡೇಟ್-ಆಲ್ಟರ್ನೇಟಿವ್ಸ್ ಎಂಬ ಕಮಾಂಡ್ ಬಳಸಿ 'ಪೈಥಾನ್3' ಹೆಸರನ್ನು 3.8ಕ್ಕೆ ತಿರುಗಿಸಿದರೆ ಐಕಾನ್ ಒತ್ತಿದರೂ ಟರ್ಮಿನಲ್ ಬರುವುದಿಲ್ಲ. ಪ್ಯಾಕೇಜುಗಳನ್ನು ಹಾಕುವ ಎಪಿಟಿ ಕೂಡ 'ಎಪಿಟಿ_ಪಿಕೆಜಿ ಮಾಡ್ಯೂಲ್ ಇಲ್ಲ' ಎಂದು ಗೊಣಗುತ್ತದೆ, ಏಕೆಂದರೆ ಆ ಮಾಡ್ಯೂಲ್ ಕಂಪೈಲ್ ಆಗಿರುವುದು ಸಿಸ್ಟಮ್ಮಿನ ಆವೃತ್ತಿಗೆ ಮಾತ್ರ. ಈಗಾಗಲೇ ಮಾಡಿಕೊಂಡಿದ್ದರೆ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ, ಲಾಗಿನ್ ಆಗಿ, ಆ ಆಲ್ಟರ್ನೇಟಿವ್ ತೆಗೆದು, ಯುಎಸ್ಆರ್-ಬಿನ್ ಫೋಲ್ಡರಿನ ಒಳಗಿನ 'ಪೈಥಾನ್3' ಲಿಂಕನ್ನು ಮತ್ತೆ 'ಪೈಥಾನ್3.12'ಕ್ಕೆ ಕಟ್ಟಿ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದದ್ದು ಪಾತ್ ಒಂದೇ, ಅಂದರೆ ಪ್ರೋಗ್ರಾಮುಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಲ್ಲ? ಮೇಲ್ಭಾಗದ ತೂಬಿನವರು ನೀರು ಹಿಡಿದುಕೊಂಡರೆ ಮಾನ್ವಿ, ಸಿರವಾರದ ಕೊನೆಭಾಗದವರು ಕಾಯುತ್ತಾ ಕೂರಬೇಕು. ಪಾತ್ ಅದಕ್ಕಿಂತ ಕಟುಕ. 'ಪೈಥಾನ್' ಎಂದು ಟೈಪಿಸಿದರೆ ಶೆಲ್ (ಟರ್ಮಿನಲ್ಲಿನಲ್ಲಿ ನಿಮ್ಮ ಕಮಾಂಡ್ ಓಡಿಸುವ ಪ್ರೋಗ್ರಾಮ್) ಆ ಪಟ್ಟಿಯ ಫೋಲ್ಡರುಗಳನ್ನು ಸಾಲಾಗಿ ನೋಡುತ್ತಾ ಬಂದು, ಮೊದಲು ಸಿಕ್ಕಿದ್ದನ್ನೇ ಓಡಿಸುತ್ತದೆ. ಕೆಳಗಿನವುಗಳಿಗೆ ಹನಿಯೂ ಇಲ್ಲ. 'ಟೈಪ್ -ಎ ಪೈಥಾನ್3' ಎಂದು ಕೊಟ್ಟರೆ ಪೂರ್ತಿ ಸಾಲು ಕಾಣುತ್ತದೆ. ಪಾತ್ ಬದಲಿಸಿದ ಮೇಲೂ ಹಳೆಯದೇ ಓಡುತ್ತಿದ್ದರೆ 'ಹ್ಯಾಶ್ -ಆರ್' ಕೊಡಿ. ಬ್ಯಾಶ್ ಎಂಬ ಆ ಶೆಲ್ ಹಿಂದಿನ ವಿಳಾಸವನ್ನು ನೆನಪಿಟ್ಟುಕೊಂಡಿರುತ್ತದೆ.

ಹಲವು ಪೈಥಾನ್ ಆವೃತ್ತಿಗಳನ್ನು ಇಟ್ಟುಕೊಳ್ಳಲು ಇರುವ ಪೈಎನ್ವ್ ಎಂಬ ಸಾಧನ ಮಾಡುವುದೂ ಇಷ್ಟೇ: ತನ್ನ ಶಿಮ್ಸ್ ಫೋಲ್ಡರನ್ನು ಎಲ್ಲಕ್ಕಿಂತ ಮೇಲಿನ ತೂಬಿನಲ್ಲಿ ಕೂರಿಸುತ್ತದೆ. ಅದಕ್ಕೇ ಅದರ ಸಾಲುಗಳನ್ನು ಬ್ಯಾಶ್‌ಆರ್‌ಸಿ ಫೈಲಿನ ಕೊನೆಯಲ್ಲಿ ಹಾಕಬೇಕು. ನಂತರ 'ಪೈಎನ್ವ್ ಇನ್‌ಸ್ಟಾಲ್ 3.11.9', ಆಮೇಲೆ ಪ್ರಾಜೆಕ್ಟ್ ಫೋಲ್ಡರಿನ ಒಳಗೆ ಹೋಗಿ 'ಪೈಎನ್ವ್ ಲೋಕಲ್ 3.11.9'. ಆ ಫೋಲ್ಡರಿನಲ್ಲಿ ಪೈಥಾನ್-ವರ್ಷನ್ ಎಂಬ ಒಂದು ಸಾಲಿನ ಗುಪ್ತ ಫೈಲ್ ಹುಟ್ಟುತ್ತದೆ. ಅದನ್ನು ಗಿಟ್‌ಗೆ ಸೇರಿಸಿ.

ಎಡವುವುದು ಇನ್‌ಸ್ಟಾಲ್ ಹಂತದಲ್ಲಿ. ಪೈಎನ್ವ್ ಸೋರ್ಸ್ ತಂದು ನಿಮ್ಮ ಮಷೀನಿನಲ್ಲೇ ಕಂಪೈಲ್ ಮಾಡುತ್ತದೆ. ಅದಕ್ಕೆ ಬಿಲ್ಡ್-ಎಸೆನ್ಷಿಯಲ್ ಜೊತೆಗೆ ಎಸ್‌ಎಸ್‌ಎಲ್, ಝಡ್‌ಲಿಬ್, ಬಿಝಡ್2, ರೀಡ್‌ಲೈನ್, ಎಸ್‌ಕ್ಯುಲೈಟ್3, ಎಫ್‌ಎಫ್‌ಐ, ಎಲ್‌ಝಡ್‌ಎಂಎ ಇವುಗಳ 'ಡೆವ್' ಪ್ಯಾಕೇಜುಗಳು ಮೊದಲೇ ಇರಬೇಕು. ಎಸ್‌ಕ್ಯುಲೈಟ್‌ನದು ಇಲ್ಲದಿದ್ದರೂ ಕಂಪೈಲ್ ನಿಲ್ಲುವುದಿಲ್ಲ! ಒಂದು ಸಾಲಿನ ಎಚ್ಚರಿಕೆ ಹಾರಿಹೋಗುತ್ತದೆ, ಯಾರೂ ಓದುವುದಿಲ್ಲ. ವಾರದ ನಂತರ ಜ್ಯಾಂಗೋ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಓಡಿಸಿದಾಗ '_ಎಸ್‌ಕ್ಯುಲೈಟ್3 ಇಲ್ಲ' ಎಂಬ ದೋಷ. ಆಗ ಡೆವ್ ಪ್ಯಾಕೇಜ್ ಹಾಕಿದರಷ್ಟೇ ಸಾಲದು, ಆ ಪೈಥಾನನ್ನು ಮತ್ತೆ ಕಂಪೈಲ್ ಮಾಡಬೇಕು.

ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳೇ ಲ್ಯಾಪ್‌ಟಾಪಿನ ಎಲ್ಲ ಕೋರ್‌ಗಳನ್ನೂ ಕಂಪೈಲಿಗೆ ಬಿಟ್ಟರೆ ಫ್ಯಾನ್ ಕಿರುಚಿಕೊಳ್ಳುತ್ತದೆ, ಅದೂ ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಕರೆಂಟು ಹೋದ ಕೂಡಲೇ ಮತ್ತೆ ಮೊದಲಿಂದ. (ಕರೆಂಟು ತಯಾರಿಸುವ ಶಕ್ತಿನಗರ ಪಕ್ಕದಲ್ಲೇ ಇದ್ದರೂ ಕರೆಂಟು ಹೋಗುವುದು ಹೋಗುತ್ತದೆ.) ಮೇಕ್_ಆಪ್ಟ್ಸ್ ಎಂಬ ವೇರಿಯಬಲ್ಲಿಗೆ '-ಜೆ2' (ಒಟ್ಟಿಗೆ ಎರಡೇ ಕೆಲಸ) ಕೊಟ್ಟು ಓಡಿಸಿ; ನಿಧಾನ, ಆದರೆ ತಣ್ಣಗೆ. ಡೇಟಾ ಉಳಿಸಬೇಕೆಂದರೆ ಪೈಎನ್ವ್ ಫೋಲ್ಡರಿನೊಳಗೆ 'ಕ್ಯಾಶೆ' ಎಂಬ ಫೋಲ್ಡರ್ ಮಾಡಿ, ಸುಮಾರು 20 ಎಂಬಿಯ ಸೋರ್ಸ್ ಫೈಲನ್ನು ಪೆನ್‌ಡ್ರೈವಿನಿಂದ ಅಲ್ಲಿಗೆ ಹಾಕಿ. ಹೆಸರು ಮಾತ್ರ ಬದಲಿಸಬೇಡಿ. ಹಾಸ್ಟೆಲಿನಲ್ಲಿ ಒಬ್ಬರು ಡೌನ್‌ಲೋಡ್ ಮಾಡಿದರೆ ಹತ್ತು ಜನಕ್ಕೆ ಸಾಕು.

ಕಂಪೈಲಿನ ಗೋಜೇ ಬೇಡ, ಪೈಥಾನ್ ಒಂದಿದ್ದರೆ ಸಾಕು ಎನ್ನುವವರಿಗೆ ಈಗ ನನ್ನ ಸಲಹೆ ಯುವಿ ಎಂಬ ಸಾಧನ. ಅದು ಮೊದಲೇ ಕಟ್ಟಿಟ್ಟ ಪೈಥಾನನ್ನು ಇಳಿಸಿಕೊಳ್ಳುತ್ತದೆ. ವಿಂಡೋಸಿನವರು 'ಪೈ --ಲಿಸ್ಟ್' ಎಂದು ಕೊಟ್ಟು ಏನೇನಿದೆ ನೋಡಿ, 'ಪೈ -3.11' ಎಂದು ಬೇಕಾದದ್ದನ್ನು ಕರೆಯಬಹುದು.

ಆವೃತ್ತಿ ಸರಿಯಾದ ಮೇಲೂ ಪ್ರತಿ ಪ್ರಾಜೆಕ್ಟಿಗೆ ಅದರದೇ ವರ್ಚುವಲ್ ಎನ್ವಿರಾನ್‌ಮೆಂಟ್ ಬೇಕು, ಅಂದರೆ ಆ ಪ್ರಾಜೆಕ್ಟಿನ ಪ್ಯಾಕೇಜುಗಳಿಗೆಂದೇ ಒಂದು ಪ್ರತ್ಯೇಕ ಫೋಲ್ಡರ್. ಅದರೊಳಗಿನ ಪೈಥಾನ್ ನಿಜಕ್ಕೂ ಒಂದು ಲಿಂಕ್, ಮೂಲ ಪೈಥಾನಿನತ್ತ ಬೊಟ್ಟು ಮಾಡುತ್ತದೆ. ಜಾಗ ಉಳಿಸಲೆಂದು 3.11.9 ಅಳಿಸಿದರೆ ಅದರ ಮೇಲೆ ಕಟ್ಟಿದ್ದೆಲ್ಲ ಸತ್ತಂತೆ. ಫೋಲ್ಡರನ್ನು ಬೇರೆಡೆಗೆ ಸರಿಸಿದರೂ ಪ್ಯಾಕೇಜ್ ಹಾಕುವ ಪಿಪ್ ಕೈಕೊಡುತ್ತದೆ. ರಿಪೇರಿಗೆ ಕೂರಬೇಡಿ, ಅಳಿಸಿ ಹೊಸದು ಮಾಡಿ. ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಪ್ಯಾಕೇಜುಗಳ ಪಟ್ಟಿ) ಇರುವುದೇ ಅದಕ್ಕೆ.

ಪೈಥಾನ್ ಬಿಟ್ಟು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಗೆ ಬಂದರೆ, ಆವೃತ್ತಿ ಬದಲಿಸಲು ಎನ್‌ವಿಎಂ ಎಂಬ ಸಾಧನ ಸಾಕು, ಎನ್‌ವಿಎಂಆರ್‌ಸಿ ಫೈಲಿನಲ್ಲಿ ಆವೃತ್ತಿ ಬರೆದಿಡಿ. ಹಳೇ ವೆಬ್‌ಪ್ಯಾಕ್ 4ರ ಪ್ರಾಜೆಕ್ಟ್ ನೋಡ್ 17 ಅಥವಾ ಅದಕ್ಕಿಂತ ಹೊಸದರಲ್ಲಿ ಓಪನ್‌ಎಸ್‌ಎಸ್‌ಎಲ್ ದೋಷ ಕೊಟ್ಟರೆ ಬೆಚ್ಚಬೇಡಿ, 16ಕ್ಕೆ ಇಳಿದು ಓಡಿಸಿ.

ಜಾವಾದಲ್ಲಿ ಕಾಡುವುದು 'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್' ದೋಷ. ಅದರಲ್ಲೊಂದು ಸಂಖ್ಯೆ ಇರುತ್ತದೆ: 52, 55, 61 ಹೀಗೆ. 44 ಕಳೆಯಿರಿ, ಬೇಕಾದ ಜಾವಾ ಸಿಗುತ್ತದೆ: 8, 11, 17. ಗಂಜ್‌ನ ಅಡತ್ ಅಂಗಡಿಯ ಹಳೇ ಬಿಲ್ಲಿಂಗ್ ಪ್ರೋಗ್ರಾಮಿಗೆ 8 ಬೇಕು, ನಿಮ್ಮ ಸ್ಪ್ರಿಂಗ್ ಬೂಟ್ 3ಕ್ಕೆ (ಜಾವಾ ಫ್ರೇಮ್‌ವರ್ಕ್) 17 ಬೇಕು ಎಂದಾದರೆ ಜಾವಾ ಆವೃತ್ತಿ ಬದಲಿಸುವ ಎಸ್‌ಡಿಕೆಮ್ಯಾನ್ ಹಾಕಿಕೊಳ್ಳಿ. ಅದು ಪಾತ್ ಜೊತೆಗೆ ಜಾವಾ ಇರುವ ಫೋಲ್ಡರನ್ನು ಹೇಳುವ ಜಾವಾ_ಹೋಮ್ ಎಂಬ ವೇರಿಯಬಲ್ಲನ್ನೂ ಬದಲಿಸುತ್ತದೆ. ಕೈಯಾರೆ ಪಾತ್ ಒಂದನ್ನೇ ಬದಲಿಸಿದವರ ಮಷೀನಿನಲ್ಲಿ 'ಜಾವಾ' ಎಂದರೆ 17, ಪ್ರಾಜೆಕ್ಟ್ ಕಟ್ಟುವ ಮೇವನ್ ಮಾತ್ರ ಜಾವಾ_ಹೋಮ್ ನೋಡಿಕೊಂಡು ಇನ್ನೂ 8ರಲ್ಲೇ ಕಂಪೈಲ್ ಮಾಡುತ್ತಿರುತ್ತದೆ. 'ಎಂವಿಎನ್ -ವರ್ಷನ್' ಕೊಟ್ಟರೆ ಅದು ಹಿಡಿದಿರುವ ಜಾವಾ ಯಾವುದೆಂದು ಅದರ ಬಾಯಲ್ಲೇ ತಿಳಿಯುತ್ತದೆ.