ಆಷಾಢದ ಮಳೆ, ಹೆದ್ದಾರಿ ಮತ್ತು ತಪ್ತಮುದ್ರೆ

ಆಷಾಢ ಶುದ್ಧ ಏಕಾದಶಿಗೆ ನಮ್ಮ ಕಡೆ ಪ್ರಥಮೈಕಾದಶಿ ಎನ್ನುತ್ತಾರೆ. ಶಯನೀ ಏಕಾದಶಿ ಎಂಬ ಹೆಸರೂ ಅದಕ್ಕಿದೆ. ಶ್ರೀಮನ್ನಾರಾಯಣನು ಅಂದು ಯೋಗನಿದ್ರೆಗೆ ತೊಡಗಿ ಕಾರ್ತಿಕದ ಉತ್ಥಾನ ದ್ವಾದಶಿಗೆ ಏಳುವನೆಂಬ ನಂಬಿಕೆಯ ಮೇಲೆ ಚಾತುರ್ಮಾಸ್ಯದ ವ್ರತಗಳೆಲ್ಲ ನಿಂತಿವೆ. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಆ ದಿನ ತಪ್ತಮುದ್ರಾಧಾರಣೆ ನಡೆಯುತ್ತದೆ. ಸುದರ್ಶನ ಹೋಮದ ಅಗ್ನಿಯಲ್ಲಿ ಕಾಯಿಸಿದ ಶಂಖ ಚಕ್ರಗಳ ಮುದ್ರೆಯನ್ನು ಸ್ವಾಮೀಜಿಯವರಿಂದ ತೋಳಿಗೆ ಒತ್ತಿಸಿಕೊಳ್ಳಲು ಮಾಧ್ವರಷ್ಟೇ ಅಲ್ಲದೆ ಇತರರೂ ಬಂದು ಸಾಲು ನಿಲ್ಲುತ್ತಾರೆ. ಕರಾವಳಿಯಲ್ಲಿ ಅದು ಮಳೆ ಬಿಡದೆ ಸುರಿಯುವ ಕಾಲ. ಮಂಗಳೂರಿನಿಂದ ಉಡುಪಿಗೆ ಬಸ್ಸುಗಳಿಗೆ ಬರವಿಲ್ಲ, ರೈಲೂ ಇದೆ. ಹಾಗಿದ್ದೂ ನಾನು ಹೋಗುವುದು ಬೈಕಿನಲ್ಲೇ. ಮನೆಯಲ್ಲಿ ಅಮ್ಮ ಇದನ್ನು ಹಟವೆಂದೇ ತಿಳಿದಿದ್ದಾರೆ, ಅದು ಪೂರ್ತಿ ಸುಳ್ಳೂ ಅಲ್ಲ.

ಬೈಕ್ ಏರುವ ಹೆಚ್ಚಿನವರಂತೆ ನನಗೂ ಅದು ತಪ್ಪಿಸಿಕೊಳ್ಳುವ ದಾರಿ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆ ಕಚೇರಿಯವರ ಫೋನು ಜೇಬಿನೊಳಗೆ ಎಷ್ಟು ನಡುಗಿದರೂ ಕೈಗೆ ಸಿಗುವುದಿಲ್ಲ. ಯಾರದೋ ಮಗ, ಯಾರದೋ ಕೈಕೆಳಗಿನ ನೌಕರ, ಯಾವುದೋ ಬ್ಯಾಂಕಿನ ಸಾಲಗಾರ ಎಂಬ ಗುರುತುಗಳೆಲ್ಲ ಕೂಳೂರು ಸೇತುವೆ ದಾಟುವಷ್ಟರಲ್ಲಿ ಸಡಿಲವಾಗುತ್ತವೆ. ಇದಕ್ಕೆ ಆಧ್ಯಾತ್ಮವೆಂಬ ದೊಡ್ಡ ಹೆಸರು ಕೊಡಲು ನನಗೆ ಸಂಕೋಚ. ಇಷ್ಟಂತೂ ನಿಜ, ಮನಸ್ಸು ಬರಿದಾಗುತ್ತದೆ. ಬರಿದಾದ ಮನಸ್ಸಿಗೆ ಏನು ಬಂದು ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಆ ಪ್ರಶ್ನೆಯನ್ನು ರಸ್ತೆ ಬಗೆಹರಿಸಿದ್ದನ್ನು ನಾನು ಕಂಡಿಲ್ಲ.

ಆಷಾಢದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಾಡಿ ಹೊಗಳುವಂಥ ಸೊಬಗೇನೂ ಇಲ್ಲ. ಪಣಂಬೂರಿನ ಬಂದರು, ಬೈಕಂಪಾಡಿಯ ಕಾರ್ಖಾನೆಗಳ ಬದಿಯಲ್ಲಿ ಟ್ಯಾಂಕರುಗಳು ಬೆಳಗಿನ ಜಾವದಲ್ಲೂ ಸಾಲುಗಟ್ಟಿರುತ್ತವೆ. ಒಂದೊಂದು ಟ್ಯಾಂಕರ್ ಮುಂದೆ ಹೋದಾಗಲೂ ಅದರ ಚಕ್ರಗಳು ಎರಚಿದ ಕೆಸರುನೀರು ಹೆಲ್ಮೆಟ್ಟಿನ ಗಾಜಿಗೆ ಬಡಿದು ಕ್ಷಣಕಾಲ ಏನೂ ಕಾಣದಂತಾಗುತ್ತದೆ. ಗಾಜು ಇಳಿಸಿದರೆ ಉಸಿರಿನ ಆವಿ ಕವಿಯುತ್ತದೆ, ಏರಿಸಿದರೆ ಮಳೆಹನಿ ಕಣ್ಣಿಗೆ ಚುಚ್ಚುತ್ತದೆ. ಎರಡು ಬೆರಳಿನಷ್ಟು ಸಂದಿ ಬಿಟ್ಟುಕೊಂಡು ಹೋಗುವುದೇ ವಾಸಿ. ಮೂಲ್ಕಿಯಲ್ಲಿ ಬಪ್ಪನಾಡಿನ ದುರ್ಗಾಪರಮೇಶ್ವರಿಗೆ ಕುಳಿತಲ್ಲಿಂದಲೇ ತಲೆಬಾಗಿ ಶಾಂಭವಿ ಹೊಳೆ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ. ಪಡುಬಿದ್ರಿ, ಉಚ್ಚಿಲ, ಕಾಪುಗಳಲ್ಲಿ ಕಡಲು ರಸ್ತೆಗೆ ಹತ್ತಿರವಿರುವುದರಿಂದ ಗಾಳಿ ಪಡುವಣದಿಂದ ಅಡ್ಡಲಾಗಿ ನುಗ್ಗಿ ಬೈಕನ್ನು ಬಲಕ್ಕೆ ತಳ್ಳುತ್ತಲೇ ಇರುತ್ತದೆ.

ಇಂಥ ರಸ್ತೆ ಕಲಿಸುವುದು ಮುಖ್ಯವಾಗಿ ಕೈಯ ಹಿಡಿತವನ್ನು. ಓಡುತ್ತಿರುವ ಬೈಕು ತನ್ನಷ್ಟಕ್ಕೆ ನೆಟ್ಟಗೆ ನಿಲ್ಲಬಲ್ಲದು. ಭಯದಿಂದ ಹ್ಯಾಂಡಲನ್ನು ಬಿಗಿ ಹಿಡಿದರೆ ಸವಾರನ ಮೈ ನಡುಕವೆಲ್ಲ ಮುಂದಿನ ಚಕ್ರಕ್ಕೆ ಇಳಿದು ಅದು ಓಲಾಡತೊಡಗುತ್ತದೆ. ಒದ್ದೆಯಾದ ಬಿಳಿ ಪಟ್ಟಿಯ ಮೇಲೆ, ಸೇತುವೆಗಳ ಕಬ್ಬಿಣದ ಕೂಡುಪಟ್ಟಿಯ ಮೇಲೆ ಬ್ರೇಕ್ ಒತ್ತುವಂತಿಲ್ಲ, ವಾಲಿಸುವಂತಿಲ್ಲ. ಭುಜ ಸಡಿಲ ಬಿಟ್ಟು, ಮೊಣಕೈ ತುಸು ಮಡಚಿ, ದೃಷ್ಟಿಯನ್ನು ದೂರಕ್ಕೆ ನೆಟ್ಟು, ಬೈಕು ತನ್ನ ಹದದಲ್ಲಿ ದಾಟಿಕೊಳ್ಳಲಿ ಎಂದು ಬಿಟ್ಟುಕೊಡಬೇಕು. ಎಚ್ಚರ ಪೂರ್ತಿಯಾಗಿರಬೇಕು, ಹಿಡಿತ ಮಾತ್ರ ಹಗುರವಾಗಿರಬೇಕು. ಇವೆರಡೂ ಒಟ್ಟಿಗೆ ಒದಗುವುದು ಸುಲಭವಲ್ಲ. ಜಪಕ್ಕೆ ಕುಳಿತಾಗ ನನಗೆ ಎಂದೂ ಕೈಗೂಡದ ಈ ಹದ ಕಟಪಾಡಿಯಿಂದ ಉದ್ಯಾವರದವರೆಗಿನ ಮಳೆಯಲ್ಲಿ ಕೆಲವೊಮ್ಮೆ ತಾನಾಗಿ ಬರುತ್ತದೆ.

ಕಿನ್ನಿಮೂಲ್ಕಿಯ ಸ್ವಾಗತ ಗೋಪುರ ಕಳೆದು, ಮಠದ ಬಳಿ ಗಾಡಿ ನಿಲ್ಲಿಸಿದ ಮೇಲೆ ಬಿಚ್ಚುವ ಕೆಲಸ. ಕೈಗವಸು, ಹೆಲ್ಮೆಟ್, ರೈನ್‌ಕೋಟು, ಅದರೊಳಗಿನ ಜಾಕೆಟ್ಟು, ನೀರು ಕುಡಿದು ಭಾರವಾದ ಬೂಟು. ಕೊನೆಗೆ ಅಂಗಿಯನ್ನೂ ಕಳಚಲೇಬೇಕು, ಏಕೆಂದರೆ ಗಂಡಸರು ಬರಿಮೈಯಲ್ಲಿಯೇ ದರ್ಶನಕ್ಕೆ ಹೋಗುವುದು ಇಲ್ಲಿಯ ಪದ್ಧತಿ. ಅಷ್ಟು ದೂರ ಮೈಯನ್ನು ಕಾದ ಕವಚಗಳೆಲ್ಲ ಹ್ಯಾಂಡಲಿಗೆ ಜೋತುಬಿದ್ದು ನೀರಿಳಿಸುತ್ತಿರುವಾಗ, ಹೆಗಲ ಮೇಲೊಂದು ಶಲ್ಯ ಹಾಕಿಕೊಂಡು ಚಳಿಗೆ ರೋಮ ನಿಮಿರಿದ ಮೈಯಲ್ಲಿ ರಥಬೀದಿಗೆ ಕಾಲಿಡುವವನಿಗೆ ಬಹಳ ಹೊತ್ತು ಬೈಕ್ ಸವಾರನ ಠೀವಿ ಉಳಿಯುವುದಿಲ್ಲ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಬಳಿಕ ಕೃಷ್ಣ ಎಂಬುದು ನಡೆದುಬಂದ ಕ್ರಮ. ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಗೆ ಮುಖವೊಡ್ಡಿದರೆ ಒಳಗೆ ಪಶ್ಚಿಮಾಭಿಮುಖನಾಗಿ ನಿಂತಿರುವವನು ಕಡಗೋಲು ಕೃಷ್ಣ. ಕುರುಕ್ಷೇತ್ರದಲ್ಲಿ ಕುದುರೆಗಳ ಲಗಾಮು ಹಿಡಿದವನ ಕೈಯಲ್ಲಿ ಮಧ್ವಾಚಾರ್ಯರ ಈ ಊರಿನಲ್ಲಿ ಇರುವುದು ಮೊಸರು ಕಡೆಯುವ ಕೋಲು ಮತ್ತು ಹಗ್ಗ. ಓಡುವುದನ್ನೇ ನೆಚ್ಚಿ ಬಂದ ನನ್ನಂಥವನಿಗೆ ನಿಂತಲ್ಲೇ ನಿಂತು ಕಡೆಯುವ ಈ ಬಾಲಕನೇ ತಕ್ಕವನು ಎನಿಸುತ್ತದೆ.

ಮುದ್ರೆಯ ಸಾಲು ಉದ್ದ. ಹೋಮದ ಹೊಗೆ, ಒದ್ದೆ ಪಂಚೆಗಳ ವಾಸನೆ, ಏನಾಗುವುದೋ ಎಂದು ತಾಯಿಯ ಸೆರಗು ಹಿಡಿದು ಅಳಲು ಸಿದ್ಧವಾದ ಮಕ್ಕಳು. ಬಲದೋಳಿಗೆ ಚಕ್ರ, ಎಡದೋಳಿಗೆ ಶಂಖ. ಕೆಂಡದ ಬಳಿಯಿಂದ ಎತ್ತಿದ ಮುದ್ರೆ ಚರ್ಮಕ್ಕೆ ತಾಗುವುದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು. ಮಳೆಗೆ ತಣ್ಣಗಾದ ತೋಳಿಗೆ ಆ ಬಿಸಿ ಮೊದಲು ತಿಳಿಯುವುದೇ ಇಲ್ಲ, ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. ತೋಳನ್ನು ಬಿಗಿದು ಹಿಂದಕ್ಕೆಳೆದರೆ ಗುರುತು ಸರಿಯಾಗಿ ಮೂಡುವುದಿಲ್ಲ. ಭುಜ ಸಡಿಲ ಬಿಟ್ಟು ಒಡ್ಡಬೇಕು, ಹೆದ್ದಾರಿಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಳೆಗಾಲದ ಕಾಯಿಲೆಗಳು ತಾಗದಿರಲೆಂದು ಈ ಆಚರಣೆ ಬಂತು ಎಂದು ಹೇಳುವವರಿದ್ದಾರೆ. ಅಂಥ ಕಾರಣಗಳನ್ನು ಹುಡುಕಿ ಕೊಟ್ಟರೆ ಮಾತ್ರ ನಂಬಿಕೆಗೆ ಬೆಲೆ ಎಂಬ ಧಾಟಿ ನನಗೆ ಹಿಡಿಸದು. ಸ್ವಾಮಿಯ ಚಿಹ್ನೆಯನ್ನು ದಾಸನು ಮೈಮೇಲೆ ಧರಿಸುತ್ತಾನೆ. ಅದಕ್ಕಿಂತ ಹೆಚ್ಚಿನ ಸಮಜಾಯಿಷಿ ನನಗೆ ಬೇಕಾಗಿಲ್ಲ.

ರಸ್ತೆಯೇ ದೇವರು, ಸವಾರಿಯೇ ಪೂಜೆ ಎನ್ನುವ ಗೆಳೆಯರು ನನಗಿದ್ದಾರೆ. ಅವರ ಉತ್ಸಾಹ ನನಗೆ ಇಷ್ಟ, ಮಾತು ಒಪ್ಪಿಗೆಯಿಲ್ಲ. ಯಾರಿಗೂ ಸೇರದವನಾಗಿ ಒಂದು ಗಳಿಗೆ ಇರುವುದಕ್ಕಾಗಿ ನಾವು ಬೈಕ್ ಹತ್ತುತ್ತೇವೆ, ಆ ಗಳಿಗೆ ಸುಖದ್ದೇ. ಆದರೆ ಮಂಗಳೂರು ಬಿಡುವಾಗ ಯಾರವನೂ ಅಲ್ಲದವನು ಉಡುಪಿಯಿಂದ ಹಿಂತಿರುಗುವಾಗ ತೋಳಿನ ಮೇಲೆ ಒಡೆಯನ ಗುರುತು ಹೊತ್ತಿರುತ್ತಾನೆ, ಮತ್ತು ಹಾಗೆ ಒಬ್ಬನಿಗೆ ಸೇರಿದ್ದರಿಂದ ಕಚೇರಿ, ಸಾಲ, ಮನೆಯ ಹೊರೆಗಳು ಬಂದ ದಾರಿಯಲ್ಲೇ ಮತ್ತೆ ಎದುರಾದರೂ ಮೊದಲಿನಷ್ಟು ಅಂಜಿಸುವುದಿಲ್ಲ. ಈ ಎರಡನೆಯ ನಿರಾಳ ಮೊದಲನೆಯದಕ್ಕಿಂತ ಹೆಚ್ಚು ದಿನ ಬಾಳುತ್ತದೆ ಎಂಬುದು ನನ್ನ ಅನುಭವ.

ಮರಳುವ ದಾರಿಯಲ್ಲಿ ಜಾಕೆಟ್ಟಿನ ತೋಳು ಮುದ್ರೆಗೆ ಉಜ್ಜಿ ಉರಿಯುತ್ತದೆ. ಒಳಗೊಂದು ಮೆತ್ತನೆಯ ಹತ್ತಿಯ ಅಂಗಿ ಇಟ್ಟುಕೊಂಡು ಹೋದರೆ ಒಳ್ಳೆಯದು. ಏಕಾದಶಿಯ ಉಪವಾಸದಲ್ಲಿ ಬೈಕ್ ಓಡಿಸುವವರು ತಲೆಸುತ್ತು ಬರುವ ಮೊದಲೇ ಎಲ್ಲಾದರೂ ನಿಂತು ಕೂರಬೇಕು, ಹಟ ಸಲ್ಲದು. ಮರುದಿನ ದ್ವಾದಶಿಯ ಪಾರಣೆಯಾದ ಮೇಲೆ ಚಾತುರ್ಮಾಸ್ಯದ ಮೊದಲ ತಿಂಗಳ ಶಾಕವ್ರತ ಮನೆಯಲ್ಲಿ ಆರಂಭವಾಗಿರುತ್ತದೆ, ಆ ತಿಂಗಳು ತರಕಾರಿ ವರ್ಜ್ಯ. ಮುಂದೆ ಮೊಸರು, ಹಾಲು, ದ್ವಿದಳ ಧಾನ್ಯಗಳ ಸರದಿ. ಶಾಕವ್ರತ ಹಿಡಿದವನಿಗೆ ಹೆದ್ದಾರಿ ಬದಿಯ ಹೋಟೆಲುಗಳ ಸಾಂಬಾರು, ಪಲ್ಯ ನಡೆಯುವುದಿಲ್ಲವಾದ್ದರಿಂದ ಆಷಾಢ ಶ್ರಾವಣದ ಸವಾರಿಗಳಲ್ಲಿ ಅಮ್ಮ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ನನ್ನ ಬೈಕಿನ ಚೀಲದಲ್ಲಿ ಪಂಕ್ಚರ್ ಸಾಮಾನಿನ ಪಕ್ಕದಲ್ಲೇ ಇರುತ್ತದೆ.