ಚೀಲ ಉಳಿಸಿಕೊಂಡೆ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಅಡೆನೋಮಯೋಸಿಸ್ ಎಂಬ ಗರ್ಭಚೀಲದ ಕಾಯಿಲೆ ಅಂತ ಬಂದಾಗ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಮಾತು. 'ಗರ್ಭಚೀಲ ತಗಿಸಿ ಒಗದಬಿಡವಾ, ಆರಾಮ ಆಗ್ತದ.' ಅತ್ತೆ, ನೆಗೆಣ್ಣಿ, ಹಾಲು ಹಾಕುವ ಅಕ್ಕ ಕೂಡ. ಅವರ ಮಾತು ಸುಳ್ಳಲ್ಲ. ಈ ಕಾಯಿಲೆ ಬುಡಸಮೇತ ಹೋಗುವುದು ಹಾಗೆಯೇ. ಆದರೆ ನನಗೆ 33, ಇನ್ನೂ ಮಕ್ಕಳಿಲ್ಲ.

ಮುಟ್ಟು ಬಂತೆಂದರೆ ಎರಡೆರಡು ಪ್ಯಾಡ್, ಮೇಲೆ ಕಪ್ಪು ಸೀರೆ. ಶಾಲೆಯಲ್ಲಿ ಕುರ್ಚಿಯಿಂದ ಏಳುವ ಮುಂಚೆ ಸೆರಗು ಹಿಂದಕ್ಕೆ ಎಳೆದುಕೊಳ್ಳುವುದು ರೂಢಿಯಾಗಿತ್ತು. ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಮಾತ್ರೆ ಆಯ್ತು, ಇಂಜೆಕ್ಷನ್ ಆಯ್ತು. ಗರ್ಭಚೀಲದೊಳಗೆ ಇಡುವ ಹಾರ್ಮೋನ್ ವಂಕಿ ಹಾಕಿಸಿದರೆ ಹಿಗ್ಗಿದ ಚೀಲದಲ್ಲಿ ನಿಲ್ಲದೆ ಜಾರಿ ಬಿತ್ತು.

ಬೆಳಗಾವಿಯ ಡಾಕ್ಟರಮ್ಮ ರಿಪೋರ್ಟಿನ ಹಿಂದೆ ಚಿತ್ರ ಬರೆದು ಹೇಳಿದರು. ಫೈಬ್ರಾಯ್ಡ್ ಗಡ್ಡೆಗೆ ಅಂಚು ಇರುತ್ತದೆ, ಬಿಡಿಸಿ ತೆಗೆಯಬಹುದು. ಇದರಲ್ಲಿ ಚೀಲದ ಒಳಪದರ ಗೋಡೆಯ ಮಾಂಸದೊಳಗೆ ನುಗ್ಗಿ ಬೆಳೆದಿರುತ್ತದೆ, ಸಜ್ಜೆ ಹಿಟ್ಟಿಗೆ ಎಳ್ಳು ಕಲಸಿದ ಹಾಗೆ. ಎಳ್ಳು ಮಾತ್ರ ಆರಿಸೋಕೆ ಆಗಲ್ಲ ಅಲ್ವಾ?

ಅದಕ್ಕೆ ಜಪಾನಿನ ಡಾ. ಹಿಸಾವೊ ಒಸಾಡಾ ಒಂದು ವಿಧಾನ ತಂದರು. 2011ರಲ್ಲಿ 104 ಹೆಂಗಸರ ಫಲಿತಾಂಶ ಪ್ರಕಟಿಸಿದರು. ಹೊಟ್ಟೆ ತೆರೆದು, ರಕ್ತ ಹರಿಯದಂತೆ ಚೀಲದ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ. ಚೀಲವನ್ನು ನಡುವೆ, ಒಳಗಿನ ಟೊಳ್ಳು ಸಿಗುವವರೆಗೂ ಸೀಳುತ್ತಾರೆ. ಒಳಗೆ ಸುಮಾರು 1 ಸೆಂ.ಮೀ., ಹೊರಗೆ 1 ಸೆಂ.ಮೀ. ಗೋಡೆ ಉಳಿಸಿ ನಡುವಿನದನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ಪದರಗಳನ್ನು ಒಂದರ ಮೇಲೊಂದು ಹೊದಿಸಿ ಹೊಲಿಯುತ್ತಾರೆ. ಹೊಲಿಗೆಗಳು ಒಂದೇ ನೇರಕ್ಕೆ ಬರಬಾರದು, ಗೋಡೆಯ ಬಲ ಅದರಲ್ಲೇ ಇದೆ.

ಡಾಕ್ಟರಮ್ಮ ಅಪಾಯವನ್ನೂ ಮುಚ್ಚಿಡಲಿಲ್ಲ. ಬಸುರಿಯಾದಾಗ ಆ ಗಾಯದ ಜಾಗದಲ್ಲಿ ಚೀಲ ಹರಿಯಬಹುದು. ಹೆರಿಗೆ ಸಿಸೇರಿಯನ್ನೇ. ಉಳಿದ ಚೂರು ಮತ್ತೆ ಬೆಳೆಯಲೂಬಹುದು. ಕೇಳಿ ನಮ್ಮ ಮನೆಯವರ ಮುಖ ಸಣ್ಣದಾಯ್ತು. ನಾನು ಹೂಂ ಅಂದೆ. ನನ್ನ ಹೊಟ್ಟೆ, ನಾನೇ ಹೇಳಬೇಕು.

ಈಗ ಮುಟ್ಟು ಸುಮ್ನೆ ಬಂದು ಹೋಗುತ್ತದೆ. ಹಳದಿ ಸೀರೆಯನ್ನೂ ಉಡುತ್ತೇನೆ. ಗಾಯ ಗಟ್ಟಿಯಾಗುವವರೆಗೆ ಬಸಿರು ಬೇಡ ಎಂದಿದ್ದಾರೆ, ಕಾಯುತ್ತಿದ್ದೇವೆ.

ಡಿಸ್ಚಾರ್ಜ್ ಕಾರ್ಡಿನ ಜೊತೆ ಆಪರೇಷನ್ ನೋಟ್ ಕೂಡ ಕೇಳಿ ತೆಗೆದುಕೊಂಡೆ. ಎಲ್ಲಿ ಸೀಳಿದರು, ಎಷ್ಟು ಗೋಡೆ ಉಳಿಸಿದರು, ಎಲ್ಲ ಅದರಲ್ಲಿದೆ. ಮುಂದೆ ಹೆರಿಗೆ ಮಾಡಿಸುವ ಡಾಕ್ಟರಿಗೆ ಅದು ಬೇಕೇ ಬೇಕು. ಅತ್ತೆ ಅದನ್ನು ಹೊಲದ ಉತಾರದ ಜೊತೆ ತಿಜೋರಿಯಲ್ಲಿ ಇಟ್ಟು ಕೀಲಿ ಹಾಕಿದ್ದಾರೆ.